ತೋಟ ನಾಳೆ ಯಾರ ಹೆಸರಿಗೆ?

ನವೆಂಬರ್ ತಿಂಗಳು ನಮಗೆ ಮೃತರ ಸ್ಮರಣೆಯ ತಿಂಗಳು. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಧರ್ಮಕೇಂದ್ರಗಳಲ್ಲಿ ಸಮಾಧಿಗಳ ಮೇಲಿನ ಕಳೆ ಕಿತ್ತು, ಹೂವಿಟ್ಟು, ಮೇಣದ ಬತ್ತಿ ಹಚ್ಚಿ, ಅಗಲಿದ ಹಿರಿಯರಿಗೆ ಚಿರಶಾಂತಿ ಕೋರುತ್ತೇವೆ. ಹೆಚ್ಚುಕಡಿಮೆ ಅದೇ ದಿನಗಳಲ್ಲಿ ಅರೇಬಿಕಾ ಕೊಯ್ಲೂ ಆರಂಭವಾಗುತ್ತದೆ. ಹಿರಿಯರು ನೆಟ್ಟ ಗಿಡಗಳ ಹಣ್ಣನ್ನು ಕಿರಿಯರು ಕೊಯ್ಯುತ್ತಾರೆ. ಆದರೆ ಆ ಗಿಡಗಳು ನಿಂತಿರುವ ನೆಲದ ಪಹಣಿ ಇಂದಿಗೂ ಅಗಲಿದವರ ಹೆಸರಿನಲ್ಲಿಯೇ ಉಳಿದಿರುವ ಮನೆಗಳು ನಮ್ಮ ನಡುವೆ ಕಡಿಮೆಯಿಲ್ಲ.

ನಮ್ಮಲ್ಲಿ ಅನೇಕರ ಹಿರಿಯರು ಕರಾವಳಿಯಿಂದ ಘಟ್ಟ ಹತ್ತಿ ಬಂದವರು. ರೈಟರಾಗಿ, ಮೇಸ್ತ್ರಿಯಾಗಿ, ಕೂಲಿಯಾಗಿ ದುಡಿದು, ಉಳಿಸಿದ ಹಣದಲ್ಲಿ ನಾಲ್ಕು ಎಕರೆ ಕೊಂಡವರಿದ್ದಾರೆ. ಸಾಗುವಳಿ ಚೀಟಿ ಪಡೆದು ಕಾಡುಗುಡ್ಡವನ್ನು ತೋಟವಾಗಿಸಿದವರಿದ್ದಾರೆ. 1963ರಲ್ಲಿ ಚಿಕ್ಕಮಗಳೂರು ಪ್ರತ್ಯೇಕ ಧರ್ಮಪ್ರಾಂತ್ಯವಾದಾಗ ಇಲ್ಲಿ ಬೇರೂರಿದ್ದ ಕುಟುಂಬಗಳು ಇಂದು ಮೂರನೆಯ, ನಾಲ್ಕನೆಯ ತಲೆಮಾರನ್ನು ಕಾಣುತ್ತಿವೆ. ಭೂಮಿ ಸಂಪಾದಿಸುವುದರಲ್ಲಿ ಹಿರಿಯರು ತೋರಿದ ಜಾಗರೂಕತೆಯನ್ನು ಅದನ್ನು ದಾಟಿಸುವುದರಲ್ಲಿ ನಾವು ತೋರಿದ್ದೇವೆಯೇ ಎಂಬುದು ಈ ವಾರ ನಾವು ಓದುಗರ ಮುಂದಿಡುತ್ತಿರುವ ಪ್ರಶ್ನೆ.

ಇದು ಕೇವಲ ಕಾಗದಪತ್ರದ ಪ್ರಶ್ನೆಯಲ್ಲ. ಬ್ಯಾಂಕಿನ ಬೆಳೆಸಾಲಕ್ಕೂ, ಕಾಫಿ ಮಂಡಳಿಯ ಸಹಾಯಧನಕ್ಕೂ, ಅತಿವೃಷ್ಟಿಯ ಪರಿಹಾರಕ್ಕೂ ಅರ್ಜಿದಾರನ ಹೆಸರಿನ ಪಹಣಿ ಬೇಕು. ಭಾರತದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಕಡಿಮೆಯವು. ಇಂಥ ಸಣ್ಣ ಬೆಳೆಗಾರನಿಗೆ ಈ ನೆರವುಗಳು ತಪ್ಪಿದರೆ ತೋಟ ಸೊರಗುತ್ತದೆ. ಮೇಲಾಗಿ, ಕಾಫಿ ಗಿಡ ನೆಟ್ಟು ಫಸಲು ಕಾಣಲು ಮೂರು ನಾಲ್ಕು ವರ್ಷ ಕಾಯಬೇಕು. ನಾಳೆ ಈ ಪಟ್ಟೆ ತನಗೆ ಬರುವುದೋ ಅಣ್ಣನಿಗೆ ಹೋಗುವುದೋ ಎಂದು ತಿಳಿಯದವನು ಕಾಂಡಕೊರಕ ತಿಂದ ಗಿಡ ಕಿತ್ತು ಹೊಸ ಗಿಡ ನೆಡುವುದಿಲ್ಲ. ಯಾರದೆಂದು ತೀರ್ಮಾನವಾಗದ ತೋಟವನ್ನು ಯಾರೂ ಮನಸ್ಸಿಟ್ಟು ಸಾಕುವುದಿಲ್ಲ.

ಬರೆಯದವನಿಗೂ ಒಂದು ಉಯಿಲು

“ನಾನಿನ್ನೂ ಉಯಿಲು ಬರೆದಿಲ್ಲ” ಎಂದು ಹೇಳುವವರು ಒಂದು ಸಂಗತಿಯನ್ನು ತಿಳಿದಿರಬೇಕು. ಉಯಿಲು ಬರೆಯದ ಪ್ರತಿಯೊಬ್ಬ ಕ್ರೈಸ್ತನ ಪರವಾಗಿಯೂ ಒಂದು ಉಯಿಲು ಈಗಾಗಲೇ ಸಿದ್ಧವಾಗಿದೆ. ಅದನ್ನು ಬರೆದಿಟ್ಟಿರುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಅದು ಹೇಳುವ ಹಂಚಿಕೆ ನಿಮಗೆ ಒಪ್ಪಿಗೆಯಾದರೆ ಸಂತೋಷ. ಒಪ್ಪಿಗೆಯಿಲ್ಲದಿದ್ದರೆ ಜೀವಂತವಿರುವಾಗಲೇ ಬೇರೆ ವ್ಯವಸ್ಥೆ ಮಾಡಬೇಕು.

ಒಬ್ಬ ಬೆಳೆಗಾರನಿಗೆ ಒಂಬತ್ತು ಎಕರೆ ತೋಟ, ಪತ್ನಿ, ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಇದ್ದಾರೆಂದು ಇಟ್ಟುಕೊಳ್ಳೋಣ. ಉಯಿಲಿಲ್ಲದೆ ಆತ ತೀರಿಕೊಂಡರೆ ಮೂರರಲ್ಲಿ ಒಂದು ಪಾಲು, ಅಂದರೆ ಮೂರು ಎಕರೆ, ಪತ್ನಿಗೆ. ಉಳಿದ ಆರು ಎಕರೆ ಮೂವರು ಮಕ್ಕಳಿಗೆ ತಲಾ ಎರಡು ಎಕರೆ. ಗಂಡು ಹೆಣ್ಣೆಂಬ ಭೇದವಿಲ್ಲ, ಮದುವೆಯಾದವಳು ಆಗದವಳೆಂಬ ಭೇದವೂ ಇಲ್ಲ. ಪತ್ನಿ ಮೊದಲು ತೀರಿಕೊಂಡರೆ ಆಕೆಯ ಆಸ್ತಿಯಲ್ಲಿ ಪತಿಗೂ ಇದೇ ಲೆಕ್ಕ. ಮಕ್ಕಳಲ್ಲಿ ಒಬ್ಬರು ಮೊದಲೇ ತೀರಿಕೊಂಡು ಅವರಿಗೆ ಮಕ್ಕಳಿದ್ದರೆ, ಆ ಮೊಮ್ಮಕ್ಕಳು ತಮ್ಮ ತಂದೆಯ ಅಥವಾ ತಾಯಿಯ ಪಾಲನ್ನು ಹೊಂದುತ್ತಾರೆ.

ಇಲ್ಲೊಂದು ಕಠಿಣ ಸತ್ಯವಿದೆ. ತೀರಿಕೊಂಡ ಮಗನ ವಿಧವೆಗೆ, ಅಂದರೆ ಸೊಸೆಗೆ, ಮಾವನ ಆಸ್ತಿಯಲ್ಲಿ ಈ ಕಾಯಿದೆ ಸ್ವಂತ ಪಾಲನ್ನು ಕೊಡುವುದಿಲ್ಲ. ಮಕ್ಕಳಿದ್ದರೆ ಪಾಲು ಮಕ್ಕಳದು. ಮಕ್ಕಳಿಲ್ಲದಿದ್ದರೆ ಏನೂ ಇಲ್ಲ. ಗಂಡನನ್ನು ಕಳೆದುಕೊಂಡ ಮೇಲೂ ಅತ್ತೆ ಮಾವಂದಿರ ಸೇವೆ ಮಾಡಿಕೊಂಡು, ಕಣದಲ್ಲಿ ಕಾಫಿ ಹರಡಿ, ತೋಟ ನೋಡಿಕೊಂಡಿರುವ ಸೊಸೆಯಂದಿರು ನಮ್ಮ ಮನೆಗಳಲ್ಲಿದ್ದಾರೆ. ಅವರ ಋಣ ತೀರಿಸುವ ಮನಸ್ಸುಳ್ಳ ಮಾವನಿಗೆ ಉಯಿಲಲ್ಲದೆ ಬೇರೆ ದಾರಿಯೇನಿದ್ದರೂ ಅದು ನೋಂದಾಯಿತ ದಾನಪತ್ರ ಮಾತ್ರ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ನಿವಾರಿಸಬೇಕು. “ಇದು ಪಿತ್ರಾರ್ಜಿತ ಆಸ್ತಿ, ಹುಟ್ಟಿನಿಂದಲೇ ನನಗೆ ಹಕ್ಕಿದೆ” ಎಂಬ ಮಾತನ್ನು ನೆರೆಮನೆಯ ಹಿಂದೂ ಬಾಂಧವರಿಂದ ಕೇಳಿ ನಮ್ಮ ಯುವಕರೂ ಆಡುವುದುಂಟು. ಹಿಂದೂ ಅವಿಭಕ್ತ ಕುಟುಂಬದ ನಿಯಮ ಕ್ರೈಸ್ತರಿಗೆ ಅನ್ವಯಿಸುವುದಿಲ್ಲ. ಅಜ್ಜನಿಂದ ತಂದೆಗೆ ಬಂದ ಪಾಲು ತಂದೆಯ ಸ್ವಂತ ಆಸ್ತಿ. ಅದನ್ನು ಆತ ಉಯಿಲಿನ ಮೂಲಕ ಯಾರಿಗಾದರೂ ಕೊಡಬಹುದು. ಈ ಸ್ವಾತಂತ್ರ್ಯ ದೊಡ್ಡದು. ಆದುದರಿಂದಲೇ ಅದನ್ನು ಬಳಸುವವನ ಹೊಣೆಯೂ ದೊಡ್ಡದು.

ದುಡಿಯಲು ಹೊರಟ ಮಕ್ಕಳು

ಉಯಿಲೆಂದರೆ ಮುದುಕರ ಕೆಲಸವೆಂಬ ಭಾವನೆ ಬೇರೂರಿದೆ. ಆದರೆ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರದಲ್ಲೋ ದುಡಿಯುತ್ತಿರುವ ಅವಿವಾಹಿತ ಮಗನ ಸಂಗತಿಯನ್ನು ನೋಡೋಣ. ಆತ ಅಕಾಲದಲ್ಲಿ ತೀರಿಕೊಂಡರೆ ಕಾಯಿದೆಯ ಪ್ರಕಾರ ಆಸ್ತಿಯೆಲ್ಲ ತಂದೆಗೆ ಸೇರುತ್ತದೆ. ತಂದೆ ಬದುಕಿರುವಾಗ ತಾಯಿಗೆ ಪಾಲಿಲ್ಲ. ತಂದೆ ಇಲ್ಲದಿದ್ದರೆ ತಾಯಿ ಮತ್ತು ಒಡಹುಟ್ಟಿದವರು ಸಮನಾಗಿ ಹಂಚಿಕೊಳ್ಳಬೇಕು. ತಾಯಿಗೆಂದು ದುಡಿದವನು ತಾಯಿಯ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಡುವುದು ಅತಿಯಾದ ಮುನ್ನೆಚ್ಚರಿಕೆಯೇನಲ್ಲ. ಹದಿನೆಂಟು ತುಂಬಿದ, ಸ್ವಸ್ಥಚಿತ್ತದ ಯಾರೂ ಉಯಿಲು ಬರೆಯಬಹುದು.

ಬ್ಯಾಂಕಿನಲ್ಲಿ ನಾಮಿನಿ ಹೆಸರು ಕೊಟ್ಟಿದ್ದೇನಲ್ಲ ಎಂದು ಕೆಲವರು ನಿಶ್ಚಿಂತರಾಗಿರುತ್ತಾರೆ. ನಾಮಿನಿ ಹಣವನ್ನು ಸ್ವೀಕರಿಸುವವನೇ ಹೊರತು ಸಾಮಾನ್ಯವಾಗಿ ಅದರ ಒಡೆಯನಲ್ಲ. ಜೀವವಿಮೆಯ ಬಗ್ಗೆ ಸುಪ್ರೀಂ ಕೋರ್ಟು 1983ರಲ್ಲಿಯೇ, ಷೇರು ಮತ್ತು ಮ್ಯೂಚುವಲ್ ಫಂಡುಗಳ ಬಗ್ಗೆ 2023ರಲ್ಲಿ ಹೀಗೆಂದು ತೀರ್ಪಿತ್ತಿದೆ. ವಿಮೆಯ ಮಟ್ಟಿಗೆ 2015ರ ತಿದ್ದುಪಡಿ ಒಂದು ಬದಲಾವಣೆ ತಂದಿತು: ಪತಿ ಅಥವಾ ಪತ್ನಿ, ಮಕ್ಕಳು, ತಂದೆತಾಯಿ ನಾಮಿನಿಗಳಾಗಿದ್ದರೆ ಹಣದ ಹಕ್ಕೂ ಅವರದೇ. ಬ್ಯಾಂಕ್ ಠೇವಣಿಗೆ 2025ರ ನವೆಂಬರ್ 1ರಿಂದ ನಾಲ್ವರವರೆಗೆ ನಾಮಿನಿಗಳನ್ನು ಹೆಸರಿಸಬಹುದಾಗಿದೆ. ನಾಮಿನಿಯ ಹೆಸರೂ ಉಯಿಲಿನ ಹೆಸರೂ ಒಂದೇ ಆಗಿದ್ದರೆ ಜಗಳಕ್ಕೆ ಎಡೆಯಿರುವುದಿಲ್ಲ.

ತೋಟದ ಲೈನ್ ಮನೆಗಳಲ್ಲಿ ವಾಸಿಸುವ ಕಾರ್ಮಿಕ ಕುಟುಂಬಗಳಿಗೆ ಈ ಮಾತು ಸಂಬಂಧಿಸಿಲ್ಲವೆಂದು ಯಾರೂ ತಿಳಿಯಬಾರದು. ಭವಿಷ್ಯನಿಧಿ, ಗ್ರಾಚ್ಯುಟಿ, ಸಣ್ಣ ವಿಮೆ, ಸಂಘದ ಉಳಿತಾಯ, ಸರ್ಕಾರಿ ಜಾಗದ ಮನೆಗೆ 94 ಸಿ ಅಡಿ ಸಿಕ್ಕಿದ ಹಕ್ಕುಪತ್ರ ಇವೆಲ್ಲವೂ ಆಸ್ತಿಯೇ. ಮದುವೆಗೆ ಮುಂಚೆ ಕೊಟ್ಟಿದ್ದ ಭವಿಷ್ಯನಿಧಿಯ ನಾಮನಿರ್ದೇಶನವನ್ನು ಮದುವೆಯ ನಂತರ ಹೊಸದಾಗಿ ಕೊಡಬೇಕು. ಇದನ್ನು ಮಾಡದೆ ಕೈಸೇರಬೇಕಾದ ಹಣಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವವಳು ಕೊನೆಗೆ ಬಡ ವಿಧವೆಯೇ.

ಮದುವೆಯಾದ ಮೇಲೆ

ಕ್ರೈಸ್ತರಿಗೆ ಅನ್ವಯಿಸುವ ನಿಯಮವೊಂದು ಅನೇಕ ವಿದ್ಯಾವಂತರಿಗೂ ತಿಳಿದಿಲ್ಲ. ಉತ್ತರಾಧಿಕಾರ ಕಾಯಿದೆಯ 69ನೇ ಕಲಮಿನಂತೆ ಉಯಿಲು ಬರೆದವರು ಮದುವೆಯಾದರೆ ಆ ಉಯಿಲು ತಾನಾಗಿಯೇ ರದ್ದಾಗುತ್ತದೆ. ಎಳೆಯ ಪ್ರಾಯದವರಿಗಿಂತ ಹೆಚ್ಚಾಗಿ ಇದು ಮರುಮದುವೆಯಾಗುವ ವಿಧುರ, ವಿಧವೆಯರಿಗೆ ಮುಖ್ಯ. ಮೊದಲ ಪತ್ನಿಯ ಮಕ್ಕಳಿಗೆಂದು ಬರೆದಿಟ್ಟ ಉಯಿಲು ಎರಡನೆಯ ಮದುವೆಯ ದಿನವೇ ಬೆಲೆ ಕಳೆದುಕೊಳ್ಳುತ್ತದೆ. ಹೊಸದಾಗಿ ಬರೆಯದಿದ್ದರೆ ಎರಡು ಮನೆಯ ಮಕ್ಕಳ ನಡುವೆ ವ್ಯಾಜ್ಯ ತಪ್ಪುವುದಿಲ್ಲ.

ಮಕ್ಕಳಿಲ್ಲದ ದಂಪತಿಗಳ ಸ್ಥಿತಿ ಇನ್ನೂ ಸೂಕ್ಷ್ಮವಾದುದು. ಪತಿ ಉಯಿಲಿಲ್ಲದೆ ತೀರಿಕೊಂಡರೆ ಪತ್ನಿಗೆ ಅರ್ಧ ಮಾತ್ರ. ಉಳಿದರ್ಧ ಪತಿಯ ತಂದೆಗೆ, ತಂದೆ ಇಲ್ಲದಿದ್ದರೆ ತಾಯಿ ಹಾಗೂ ಒಡಹುಟ್ಟಿದವರಿಗೆ. ಇಬ್ಬರೂ ಸೇರಿ ಬೆವರು ಸುರಿಸಿ ಮಾಡಿದ ಆರು ಎಕರೆಯಲ್ಲಿ ಮೂರು ಎಕರೆ ಪರಸ್ಥಳದಲ್ಲಿರುವ ಮೈದುನರಿಗೆ ಹೋಗುವುದನ್ನು ಆಕೆ ನೋಡಬೇಕಾಗುತ್ತದೆ. ಇಂಥ ದಂಪತಿಗಳು ಒಬ್ಬರಿಗೊಬ್ಬರು ಉಯಿಲು ಬರೆದಿಡುವುದು ತೀರಾ ಅಗತ್ಯ. ಮಗುವನ್ನು ದತ್ತು ಪಡೆದವರು ಬಾಲನ್ಯಾಯ ಕಾಯಿದೆಯ ಕ್ರಮದಂತೆ ಪಡೆದಿದ್ದರೆ ಆ ಮಗುವಿಗೆ ಸ್ವಂತ ಮಗುವಿನ ಹಕ್ಕಿದೆ. ಬರಿಯ ಪ್ರೀತಿಯಿಂದ ಸಾಕಿದ ಮಗುವಿಗೆ ಉಯಿಲೊಂದೇ ಆಸರೆ.

ಎಳೆಯ ಮಕ್ಕಳಿರುವಾಗ

ಮಕ್ಕಳು ಶಾಲೆಗೆ ಹೋಗುತ್ತಿರುವ ಹೊತ್ತಿನಲ್ಲಿ ತಂದೆ ತೀರಿಕೊಂಡರೆ ಕಷ್ಟ ಇಮ್ಮಡಿಯಾಗುತ್ತದೆ. ತೋಟದ ಮೂರರಲ್ಲಿ ಎರಡು ಪಾಲು ಅಪ್ರಾಪ್ತ ಮಕ್ಕಳದಾಗುವುದರಿಂದ ಆ ಪಾಲನ್ನು ಮಾರಲು ಅಥವಾ ಅಡವಿಡಲು ತಾಯಿಗೆ ನ್ಯಾಯಾಲಯದ ಅನುಮತಿ ಬೇಕಾಗುತ್ತದೆ. ಗೊಬ್ಬರಕ್ಕೂ ಕೂಲಿಗೂ ಹಣವಿಲ್ಲದ ಕಾಲದಲ್ಲಿ ಆಕೆ ವಕೀಲರ ಮನೆ ಬಾಗಿಲಲ್ಲಿ ನಿಲ್ಲಬೇಕಾಗುತ್ತದೆ. ಈ ವಯಸ್ಸಿನಲ್ಲಿ ಪತ್ನಿಯ ಹೆಸರಿಗೇ ತೋಟವನ್ನು ಉಯಿಲು ಬರೆಯುವುದು, ಅಥವಾ ಆಕೆಗೆ ಆಡಳಿತದ ಪೂರ್ಣ ಅಧಿಕಾರ ಕೊಟ್ಟು ಮಕ್ಕಳು ಪ್ರಾಪ್ತರಾದ ಮೇಲೆ ಅವರಿಗೆ ಸೇರುವಂತೆ ಬರೆಯುವುದು ವಿವೇಕ. ತಂದೆತಾಯಿ ಇಬ್ಬರೂ ಇಲ್ಲವಾದರೆ ಮಕ್ಕಳನ್ನು ಯಾರು ಸಾಕಬೇಕೆಂಬುದನ್ನೂ ಉಯಿಲಿನಲ್ಲಿಯೇ ಹೇಳಬಹುದು. ತಂದೆ ಉಯಿಲಿನ ಮೂಲಕ ಪಾಲಕರನ್ನು ನೇಮಿಸಲು ಕಾಯಿದೆಯ 60ನೇ ಕಲಮು ಅವಕಾಶ ಕೊಟ್ಟಿದೆ. ಹೆಸರು ಬರೆಯುವ ಮುನ್ನ ಆ ಚಿಕ್ಕಪ್ಪನನ್ನೋ ಸೋದರಮಾವನನ್ನೋ ಕೇಳಿ ಒಪ್ಪಿಸುವುದು ಸೌಜನ್ಯ.

ಈ ವಯಸ್ಸಿನವರ ಮೇಲೆಯೇ ಸಾಲದ ಹೊರೆಯೂ ಹೆಚ್ಚು. ಸಾಲ ತೀರಿದ ಮೇಲೆ ಉಳಿದದ್ದಷ್ಟೇ ಆಸ್ತಿ. ಮೃತನ ಸಾಲಕ್ಕೆ ವಾರಸುದಾರರು ತಮಗೆ ಬಂದ ಆಸ್ತಿಯ ಮಿತಿಯಲ್ಲಿ ಹೊಣೆಗಾರರು. ಸರ್ಫೇಸಿ ಕಾಯಿದೆಯ ಹರಾಜು ನೋಟೀಸುಗಳು ಇತ್ತೀಚಿನ ವರ್ಷಗಳಲ್ಲಿ ಬೆಳೆಗಾರರನ್ನು ಹೇಗೆ ಕಂಗೆಡಿಸಿವೆ ಎಂಬುದು ಎಲ್ಲರಿಗೂ ತಿಳಿದಿದೆ. ಎಲ್ಲೆಲ್ಲಿ ಎಷ್ಟು ಸಾಲವಿದೆ, ಯಾರ ಸಾಲಕ್ಕೆ ಜಾಮೀನು ನಿಂತಿದ್ದೇವೆ ಎಂಬ ಪಟ್ಟಿ ಪತ್ನಿಯ ಕೈಯಲ್ಲಿರಬೇಕು. ಸಾಲದ ಮೊತ್ತಕ್ಕೆ ಸರಿದೂಗುವ ಅವಧಿ ವಿಮೆ ಮಾಡಿಸುವುದು ತೋಟಕ್ಕೆ ಬೇಲಿ ಹಾಕಿದಷ್ಟೇ ಮುಖ್ಯ.

ಹೆಣ್ಣುಮಕ್ಕಳ ಪಾಲು

ಮಕ್ಕಳು ಬೆಳೆದು ಮದುವೆಯ ಮಾತುಕತೆ ನಡೆಯುವ ಕಾಲಕ್ಕೆ “ಹೆಣ್ಣಿಗೆ ಚಿನ್ನ ಹಾಕಿ ಕಳಿಸಿದ್ದೇವೆ, ಇನ್ನು ಪಾಲೇನು?” ಎಂಬ ಮಾತು ಬರುತ್ತದೆ. ಕಾಯಿದೆ ಹಾಗೆ ಹೇಳುವುದಿಲ್ಲ. ನೆರೆಯ ಕೇರಳದಲ್ಲಿ ತಿರುವಾಂಕೂರಿನ 1916ರ ಕ್ರೈಸ್ತ ಉತ್ತರಾಧಿಕಾರ ಕಾನೂನು ಮಗಳಿಗೆ ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5,000 ರೂಪಾಯಿ, ಇವುಗಳಲ್ಲಿ ಯಾವುದು ಕಡಿಮೆಯೋ ಅಷ್ಟನ್ನು ಮಾತ್ರ ಕೊಡುತ್ತಿತ್ತು. ಕೋಟ್ಟಯಂನ ಶಿಕ್ಷಕಿ ಮೇರಿ ರಾಯ್ ಇದರ ವಿರುದ್ಧ ಸುಪ್ರೀಂ ಕೋರ್ಟಿನವರೆಗೆ ಹೋದರು. 1986ರ ಫೆಬ್ರವರಿಯಲ್ಲಿ ಬಂದ ತೀರ್ಪು ಅಲ್ಲಿಯ ಕ್ರೈಸ್ತರಿಗೂ 1925ರ ಕಾಯಿದೆಯೇ ಅನ್ವಯವೆಂದು ಸಾರಿತು. ಅವರು ಹೋರಾಡಿ ಪಡೆದ ಸಮಾನತೆ ನಮ್ಮ ಹೆಣ್ಣುಮಕ್ಕಳಿಗೆ ಕಾನೂನಿನಲ್ಲಿ ಇದ್ದೇ ಇದೆ; ಮನೆಯೊಳಗೆ ಇದೆಯೇ ಎಂಬುದು ಬೇರೆ ಮಾತು.

ತಂದೆಯ ಮರಣದ ನಂತರ ಅಕ್ಕತಂಗಿಯರನ್ನು ಸಬ್ ರಿಜಿಸ್ಟ್ರಾರ್ ಕಚೇರಿಗೆ ಕರೆದೊಯ್ದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುವುದು ವಾಡಿಕೆಯಾಗಿಬಿಟ್ಟಿದೆ. ಮನಸ್ಸಾರೆ ಬಿಟ್ಟುಕೊಡುವ ಸಹೋದರಿಯರೂ ಇದ್ದಾರೆ. ತವರಿನ ಬಾಗಿಲು ಮುಚ್ಚೀತೆಂಬ ಭಯದಿಂದ ಸಹಿ ಮಾಡುವವರೂ ಇದ್ದಾರೆ. ತಂದೆ ಬದುಕಿರುವಾಗಲೇ ಮಕ್ಕಳೆಲ್ಲರನ್ನೂ ಕೂರಿಸಿ, ಮಗಳ ಮದುವೆಗೆ, ಮಗನ ಓದಿಗೆ ಖರ್ಚು ಮಾಡಿದ್ದೆಷ್ಟು, ಉಳಿದಿರುವುದೆಷ್ಟು ಎಂದು ಬಿಚ್ಚಿಟ್ಟು ಹಂಚಿಕೆಯ ಕಾರಣವನ್ನು ತಿಳಿಸಿದರೆ ಕಡಿಮೆ ಪಡೆದವರೂ ಒಪ್ಪುವರು. ಪಾಲು ಚಿಕ್ಕದಾದುದಕ್ಕಿಂತ ಮುಚ್ಚಿಟ್ಟದ್ದೇ ಹೆಚ್ಚು ನೋಯಿಸುತ್ತದೆ.

ಗುರುಗಳು, ಧರ್ಮಭಗಿನಿಯರು ಇರುವ ಮನೆ

ಮಗನನ್ನು ಗುರುವಾಗಿ, ಮಗಳನ್ನು ಧರ್ಮಭಗಿನಿಯಾಗಿ ಧರ್ಮಸಭೆಗೆ ಅರ್ಪಿಸಿದ ಕುಟುಂಬಗಳು ನಮ್ಮಲ್ಲಿ ಸಾಕಷ್ಟಿವೆ. ಕಾನ್ವೆಂಟಿಗೆ ಸೇರಿದವಳಿಗೆ ಆಸ್ತಿಯ ಸಂಬಂಧವಿಲ್ಲವೆಂದು ವಂಶವೃಕ್ಷದಲ್ಲಿ ಆಕೆಯ ಹೆಸರನ್ನೇ ಬಿಟ್ಟುಬಿಡುವುದುಂಟು. ಇದು ಸರಿಯಲ್ಲ. ಉತ್ತರಾಧಿಕಾರ ಕಾಯಿದೆಯಲ್ಲಿ ವ್ರತ ತೊಟ್ಟ ಮಕ್ಕಳನ್ನು ಹೊರಗಿಡುವ ಯಾವ ಮಾತೂ ಇಲ್ಲ. ಹೆಸರು ಬಿಟ್ಟ ವಂಶವೃಕ್ಷದ ಮೇಲೆ ಮಾಡಿದ ಖಾತೆ ಮುಂದೆ ಪ್ರಶ್ನೆಗೊಳಗಾಗಬಹುದು.

ಧರ್ಮಸಭೆಯೂ ಈ ವಿಷಯದಲ್ಲಿ ಮೌನವಾಗಿಲ್ಲ. 1983ರ ಕಾನೂನು ಸಂಹಿತೆಯ 668ನೇ ನಿಯಮದಂತೆ ವ್ರತಧಾರಿಗಳು ಮೊದಲ ವ್ರತಕ್ಕೆ ಮುನ್ನ ತಮ್ಮ ಸ್ವತ್ತಿನ ಆಡಳಿತವನ್ನು ಬೇರೊಬ್ಬರಿಗೆ ವಹಿಸಬೇಕು. ನಿತ್ಯವ್ರತಕ್ಕೆ ಮುನ್ನವಾದರೂ ದೇಶದ ಕಾನೂನಿಗೂ ಸಲ್ಲುವಂಥ ಉಯಿಲನ್ನು ಬರೆದಿರಬೇಕು. ಧರ್ಮಪ್ರಾಂತ್ಯದ ಗುರುಗಳು ಬಡತನದ ವ್ರತ ತೊಡುವವರಲ್ಲವಾದ್ದರಿಂದ ಅವರ ಸ್ವಂತ ಆಸ್ತಿ ಸ್ವಂತದ್ದೇ. ಅವರು ಬರೆಯದೆ ಹೋದರೆ ಅವಿವಾಹಿತರ ನಿಯಮವೇ ಅವರಿಗೂ ಅನ್ವಯ. ಮೂವತ್ತು ತುಂಬುವ ಮುನ್ನವೇ ಕನ್ಯಾಮಠದ ಸೋದರಿ ಉಯಿಲು ಬರೆಯುವಾಗ, ಎಪ್ಪತ್ತರ ಹೊಸ್ತಿಲಲ್ಲಿರುವ ಅವಳ ತಂದೆ “ಈಗಲೇ ಏನು ಅವಸರ?” ಎನ್ನುವುದು ವಿಚಿತ್ರವಲ್ಲವೇ?

ಎಕರೆ ಸಮವಾದರೆ ಸಾಲದು

ತೋಟದ ಹಂಚಿಕೆ ಸೈಟಿನ ಹಂಚಿಕೆಯಂತಲ್ಲ. ಎಕರೆ ಲೆಕ್ಕದಲ್ಲಿ ಸಮನಾಗಿ ಗೀಟೆಳೆದರೆ ನ್ಯಾಯವಾಯಿತೆಂದು ಭಾವಿಸಬಾರದು. ಕೆರೆ ಒಬ್ಬನ ಪಾಲಿಗೆ ಹೋದರೆ ಫೆಬ್ರವರಿ, ಮಾರ್ಚಿನಲ್ಲಿ ಹೂಮಳೆ ಕೈಕೊಟ್ಟಾಗ ರೋಬಸ್ಟಾಕ್ಕೆ ಸ್ಪ್ರಿಂಕ್ಲರ್ ಹಾಕಲು ಇನ್ನೊಬ್ಬನಿಗೆ ನೀರೆಲ್ಲಿ? ರಸ್ತೆ ಒಬ್ಬನ ಪಾಲಿನಲ್ಲಿದ್ದರೆ ಹಿಂದಿನ ತುಂಡಿಗೆ ಜೀಪು ಹೇಗೆ ಹೋದೀತು? ಕಣ, ಪಲ್ಪರ್, ಗೋದಾಮು, ಲೈನ್ ಮನೆಗಳು ತುಂಡಾಗುವ ವಸ್ತುಗಳಲ್ಲ. ಮೆಣಸು ಹಬ್ಬಿಸಿದ ಸಿಲ್ವರ್ ಓಕ್ ಮರಗಳು ಒಂದು ಕಡೆ, ಬೋಳು ಗುಡ್ಡ ಇನ್ನೊಂದು ಕಡೆಯಾದರೆ ಎಕರೆ ಸಮವಾಗಿಯೂ ಆದಾಯ ಸಮವಾಗದು. ಆದುದರಿಂದ ಪಾಲುಪಟ್ಟಿಯಲ್ಲಾಗಲಿ ಉಯಿಲಿನಲ್ಲಾಗಲಿ ನೀರಿನ ಹಕ್ಕು, ದಾರಿಯ ಹಕ್ಕು, ಕಣದ ಬಳಕೆಯ ಸರದಿ ಇವನ್ನು ಸ್ಪಷ್ಟವಾಗಿ ಬರೆಯಬೇಕು. ಒಂದೇ ಸರ್ವೆ ನಂಬರನ್ನು ಒಡೆಯುವುದಾದರೆ ಭೂಮಾಪಕರಿಂದ 11ಇ ನಕ್ಷೆ ಮಾಡಿಸಿಯೇ ವಿಭಾಗಪತ್ರ ನೋಂದಾಯಿಸಬೇಕು. ಕುಟುಂಬದೊಳಗಿನ ವಿಭಾಗಪತ್ರ, ದಾನಪತ್ರಗಳಿಗೆ ಕ್ರಯಪತ್ರಕ್ಕಿಂತ ಬಹಳ ಕಡಿಮೆ ಮುದ್ರಾಂಕ ಶುಲ್ಕವಿರುವುದನ್ನೂ ಗಮನಿಸಬೇಕು.

ಇನ್ನೊಂದು ಎಚ್ಚರಿಕೆ. ನಮ್ಮ ಗುಡ್ಡಗಳಲ್ಲಿ ಪಹಣಿಯಿರುವ ಭೂಮಿಗೆ ಅಂಟಿಕೊಂಡೇ ಒತ್ತುವರಿ ಭೂಮಿಯೂ ಇರುತ್ತದೆ. ತನಗಿಲ್ಲದ ಹಕ್ಕನ್ನು ಯಾರೂ ಇನ್ನೊಬ್ಬರಿಗೆ ಕೊಡಲಾರರು. ಒಬ್ಬ ಮಗನಿಗೆ ಪಹಣಿಯಿರುವ ನಾಲ್ಕು ಎಕರೆ, ಇನ್ನೊಬ್ಬನಿಗೆ ಅರ್ಜಿ ಬಾಕಿಯಿರುವ ನಾಲ್ಕು ಎಕರೆ ಎಂದು ಬರೆದರೆ ಮೊದಲನೆಯವನಿಗೆ ತೋಟ, ಎರಡನೆಯವನಿಗೆ ಆತಂಕ ಹಂಚಿದಂತೆ. ಸರ್ಕಾರದಿಂದ ಮಂಜೂರಾದ ಭೂಮಿಯಲ್ಲಿಯೂ ಪರಭಾರೆಗೆ ಅವಧಿಯ ನಿರ್ಬಂಧವಿರುತ್ತದೆ. ಸಾಗುವಳಿ ಚೀಟಿಯ ಷರತ್ತುಗಳನ್ನು ಓದದೆ ದಾನಪತ್ರ ಬರೆಯಬಾರದು.

ಮುಪ್ಪಿನಲ್ಲಿ: ದಾನಪತ್ರವೋ ಉಯಿಲೋ?

ವಯಸ್ಸಾದ ತಂದೆತಾಯಿಯನ್ನು ಹೆಚ್ಚು ಕಾಡುವ ಪ್ರಶ್ನೆಯಿದು. ದಾನಪತ್ರ ನೋಂದಣಿಯಾದ ಕ್ಷಣವೇ ಆಸ್ತಿ ಕೈಬಿಡುತ್ತದೆ. ಮನಸ್ಸು ಬದಲಾಯಿಸಿ ಸುಮ್ಮನೆ ಹಿಂಪಡೆಯಲಾಗದು. ಉಯಿಲು ಮರಣದ ನಂತರವಷ್ಟೇ ಜಾರಿಗೆ ಬರುತ್ತದೆ. ಬದುಕಿರುವವರೆಗೆ ಎಷ್ಟು ಸಾರಿಯಾದರೂ ಬದಲಿಸಬಹುದು, ಕೊನೆಯದೇ ಊರ್ಜಿತ. ಬೈಬಲಿನ ಸಿರಾಖನ ಗ್ರಂಥದ 33ನೇ ಅಧ್ಯಾಯವೂ ಇದೇ ವಿವೇಕವನ್ನು ಬೋಧಿಸುತ್ತದೆ: ಉಸಿರಿರುವವರೆಗೆ ಮಕ್ಕಳ ಕೈ ನೋಡುವಂತಾಗಬಾರದು, ಹಂಚಿಕೆ ಅಂತ್ಯಕಾಲಕ್ಕಿರಲಿ ಎಂಬುದು ಅದರ ತಾತ್ಪರ್ಯ.

ಆದರೂ ದಾನಪತ್ರ ಮಾಡಲೇಬೇಕಾದ ಸಂದರ್ಭಗಳುಂಟು. ಮಗ ತೋಟದ ಮೇಲೆ ಸಾಲ ಪಡೆಯಬೇಕಾಗಿರಬಹುದು, ತಂದೆಗೆ ಓಡಾಡುವ ಶಕ್ತಿಯಿಲ್ಲದಿರಬಹುದು. ಆಗ ವಾಸದ ಮನೆಯನ್ನೂ, ಜೀವನಾಂಶಕ್ಕೆ ಸಾಕಾಗುವಷ್ಟು ತೋಟವನ್ನೂ ತಮ್ಮ ಹೆಸರಿನಲ್ಲಿ ಉಳಿಸಿಕೊಳ್ಳಬೇಕು. ತಂದೆತಾಯಿ ಮತ್ತು ಹಿರಿಯ ನಾಗರಿಕರ 2007ರ ಕಾಯಿದೆಯ 23ನೇ ಕಲಮಿನಂತೆ, ಪೋಷಣೆ ಮಾಡಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದವರು ಪೋಷಿಸದೆ ಹೋದರೆ ಆ ವರ್ಗಾವಣೆಯನ್ನು ರದ್ದುಪಡಿಸುವಂತೆ ಉಪವಿಭಾಗಾಧಿಕಾರಿಯವರ ನ್ಯಾಯಮಂಡಳಿಯನ್ನು ಕೇಳಬಹುದು. ಆದರೆ ಷರತ್ತು ಇತ್ತೆಂಬುದು ಸಾಬೀತಾಗಬೇಕೆಂದು ಸುಪ್ರೀಂ ಕೋರ್ಟು 2022ರಲ್ಲಿ ಹೇಳಿದೆ. “ನನ್ನನ್ನೂ ನನ್ನ ಪತ್ನಿಯನ್ನೂ ಕೊನೆಯವರೆಗೆ ಅನ್ನ, ವಸತಿ, ಔಷಧೋಪಚಾರ ಕೊಟ್ಟು ನೋಡಿಕೊಳ್ಳತಕ್ಕದ್ದು” ಎಂಬ ಒಂದು ವಾಕ್ಯವನ್ನು ಪತ್ರದಲ್ಲಿಯೇ ಬರೆಸಲು ಸಂಕೋಚಪಡಬಾರದು. ಒಳ್ಳೆಯ ಮಗನಿಗೆ ಅದರಿಂದ ಅವಮಾನವಿಲ್ಲ.

ದೇವಾಲಯಕ್ಕೋ ಅನಾಥಾಲಯಕ್ಕೋ ಕೊಡಬಯಸುವವರಿಗೆ ಹಿಂದೆ ಅಡ್ಡಿಯಿತ್ತು. ಹತ್ತಿರದ ಬಂಧುಗಳುಳ್ಳ ಕ್ರೈಸ್ತನು ಮರಣಕ್ಕೆ ಕನಿಷ್ಠ ಹನ್ನೆರಡು ತಿಂಗಳ ಮುಂಚೆ ಉಯಿಲು ಬರೆದು ಆರು ತಿಂಗಳೊಳಗೆ ಠೇವಣಿ ಇಡದಿದ್ದರೆ ಧರ್ಮಕಾರ್ಯದ ದತ್ತಿ ಊರ್ಜಿತವಾಗುತ್ತಿರಲಿಲ್ಲ. ಕೇರಳದ ಗುರು ಜಾನ್ ವಲ್ಲಮಟ್ಟಂ ಅವರ ಮೊಕದ್ದಮೆಯಲ್ಲಿ 2003ರ ಜುಲೈಯಲ್ಲಿ ಸುಪ್ರೀಂ ಕೋರ್ಟು ಆ 118ನೇ ಕಲಮನ್ನು ಅಸಿಂಧುಗೊಳಿಸಿತು. ಈಗ ಅಡ್ಡಿಯಿಲ್ಲ, ಆದರೆ ಮನೆಯ ಮಂದಿಯ ಅನ್ನ ಕಿತ್ತು ಕೊಟ್ಟ ಕಾಣಿಕೆ ದೇವರಿಗೂ ಪ್ರಿಯವಾಗದೆಂಬುದು ನಮ್ಮ ಅನಿಸಿಕೆ.

ಬರೆಯುವ ಬಗೆ

ಉಯಿಲಿಗೆ ಛಾಪಾ ಕಾಗದ ಬೇಡ, ಇಂಗ್ಲಿಷೂ ಬೇಡ. ಬಿಳಿಯ ಹಾಳೆಯಲ್ಲಿ ಕನ್ನಡದಲ್ಲಿ ಬರೆದರೆ ಸಾಕು. ಬರೆದವರ ಸಹಿ ಅಥವಾ ಹೆಬ್ಬೆಟ್ಟು ಪ್ರತಿ ಪುಟದಲ್ಲಿಯೂ ಇರಲಿ. ಅದನ್ನು ಕಂಡ ಇಬ್ಬರು ಸಾಕ್ಷಿಗಳು ಸಹಿ ಮಾಡಬೇಕು. ಆಸ್ತಿ ಪಡೆಯುವವರಾಗಲಿ ಅವರ ಪತಿ ಅಥವಾ ಪತ್ನಿಯಾಗಲಿ ಸಾಕ್ಷಿ ಹಾಕಿದರೆ ಅವರಿಗೆ ಬರೆದ ದತ್ತಿ ವ್ಯರ್ಥವಾಗುತ್ತದೆ. ಸಾಕ್ಷಿಗಳು ವಯಸ್ಸಿನಲ್ಲಿ ಕಿರಿಯರೂ ಊರಲ್ಲಿಯೇ ಸಿಗುವವರೂ ಆಗಿದ್ದರೆ ಲೇಸು. ಸರ್ವೆ ನಂಬರು, ವಿಸ್ತೀರ್ಣ, ಚಕ್ಕುಬಂದಿ ತಪ್ಪಿಲ್ಲದಿರಲಿ. ಹೆಸರಿಸದೆ ಉಳಿದ ಆಸ್ತಿ ಯಾರಿಗೆಂಬ ಮಾತೂ, ಉಯಿಲನ್ನು ಜಾರಿಗೊಳಿಸುವ ನಿರ್ವಾಹಕನ ಹೆಸರೂ ಇರಲಿ. ವೃದ್ಧರಾದರೆ ಅದೇ ದಿನದ ವೈದ್ಯರ ಪತ್ರವೊಂದನ್ನು ಜೊತೆಗಿಡುವುದು ಕ್ಷೇಮ.

ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಹಾಸಿಗೆ ಹಿಡಿದವರ ಮನೆಗೇ ಸಬ್ ರಿಜಿಸ್ಟ್ರಾರ್ ಬರುವ ಅವಕಾಶವಿದೆ. ಗುಟ್ಟಾಗಿಡಬಯಸುವವರು ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯವರಲ್ಲಿ ಠೇವಣಿ ಇಡಬಹುದು. 2002ರ ತಿದ್ದುಪಡಿಯಾದಂದಿನಿಂದ ಭಾರತೀಯ ಕ್ರೈಸ್ತರ ಉಯಿಲಿಗೆ ಪ್ರೊಬೇಟ್ ಕಡ್ಡಾಯವಲ್ಲ. ಮರಣ ತೆರಿಗೆಯ ಭಯವೂ ಬೇಡ. ಆ ಸುಂಕ 1985ರಲ್ಲಿಯೇ ರದ್ದಾಗಿದೆ. ಸರಳ ಹಂಚಿಕೆಗೆ ಇಷ್ಟು ಸಾಕು. ತಕರಾರಿರುವ ಭೂಮಿಯಿದ್ದರೆ ವಕೀಲರ ಸಲಹೆ ಪಡೆಯಲೇಬೇಕು.

ಮರಣದ ನಂತರ ಉಳಿದವರ ಕರ್ತವ್ಯವೂ ಇದೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿಯೊಂದಿಗೆ ಪೌತಿ ಖಾತೆಗೆ ತಡಮಾಡದೆ ಅರ್ಜಿ ಹಾಕಬೇಕು. ಒಂದು ತಲೆಮಾರಿನ ಖಾತೆ ಬಾಕಿಯಿದ್ದರೆ ನಾಲ್ವರ ಸಹಿ ಸಾಕು. ಎರಡು ತಲೆಮಾರು ಬಾಕಿಯಾದರೆ ಮುಂಬಯಿ, ದುಬೈ, ಕೆನಡಾಗಳಲ್ಲಿರುವ ಇಪ್ಪತ್ತು ಜನರನ್ನು ಹುಡುಕಬೇಕಾಗುತ್ತದೆ. ಜಂಟಿ ಖಾತೆಯಾದರೂ ಆಗಲಿ, ಪಹಣಿ ಬದುಕಿರುವವರ ಹೆಸರಿಗೆ ಬರಲಿ.

ಲೂಕನ ಶುಭಸಂದೇಶದ 12ನೇ ಅಧ್ಯಾಯದಲ್ಲಿ ಒಬ್ಬನು ಯೇಸುಸ್ವಾಮಿಯ ಬಳಿ ಬಂದು ಪಿತ್ರಾರ್ಜಿತದಲ್ಲಿ ಪಾಲು ಕೊಡುವಂತೆ ತನ್ನ ಅಣ್ಣನಿಗೆ ಹೇಳಬೇಕೆಂದು ಕೇಳಿಕೊಳ್ಳುತ್ತಾನೆ. ಪ್ರಭು ಆ ಪಂಚಾಯಿತಿಗೆ ಒಪ್ಪದೆ ದುರಾಶೆಯ ಬಗ್ಗೆ ಎಚ್ಚರಿಸುತ್ತಾರೆ. ಇಂದಿಗೂ ನಮ್ಮ ಗುರುಗಳ ಬಾಗಿಲಿಗೆ ಅಂಥ ಅಣ್ಣತಮ್ಮಂದಿರು ಬರುತ್ತಲೇ ಇದ್ದಾರೆ. ಅವರ ತಂದೆ ಒಂದು ಸಂಜೆ ಕುಳಿತು ಒಂದು ಹಾಳೆ ಬರೆದಿದ್ದರೆ ಅವರಲ್ಲಿ ಅನೇಕರು ಬರಬೇಕಾಗಿಯೇ ಇರಲಿಲ್ಲ. ಈ ವರ್ಷದ ಕೊಯ್ಲು ಮುಗಿದು ಮಕ್ಕಳೆಲ್ಲ ಕ್ರಿಸ್ಮಸ್ಸಿಗೆ ಮನೆಗೆ ಬಂದಾಗ, ಊಟ ಮುಗಿದ ಮೇಲೆ ಪೆಟ್ಟಿಗೆಯಲ್ಲಿರುವ ಪಹಣಿ, ಸಾಗುವಳಿ ಚೀಟಿ, ವಿಮೆ ಪತ್ರ, ಸಾಲದ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ ಮಾತು ಆರಂಭಿಸಿರೆಂದು ಓದುಗರಲ್ಲಿ ನಮ್ಮ ವಿನಂತಿ.